ಮಂಗಳವಾರ, ಗುರುವಾರ, ಶನಿವಾರ

ಹೋದ ತಿಂಗಳು ಆರಾಧನೆ ಮುಗಿದು ಹೊರಗೆ ಬರುತ್ತಿದ್ದಾಗ ನಮ್ಮ ಸಭಾಪಾಲಕರು ನನ್ನನ್ನು ಪಕ್ಕಕ್ಕೆ ಕರೆದರು. "ಬರೋ ಐತವಾರ ನೀವೊಂದು ಸಾಕ್ಷಿ ಹೇಳ್ರಿ. ಐದು ನಿಮಿಷ ಸಾಕು" ಅಂದರು. ನಾನು "ನೋಡೋಣ್ರಿ" ಅಂತ ಜಾರಿಕೊಂಡೆ.

ಸಾಕ್ಷಿ ಅಂದರೆ ದೇವರು ತನಗೆ ಮಾಡಿದ್ದನ್ನು ಸಭೆಯ ಮುಂದೆ ಎದ್ದು ನಿಂತು ಹೇಳುವುದು. ನಮ್ಮಲ್ಲಿ ಅದಕ್ಕೆ ಒಂದು ಅಚ್ಚು ಇದೆ. ನಾನು ಪ್ರೆಸ್ಸಿನವನು, ಅಚ್ಚು ಕಂಡರೆ ಬೇಗ ಗೊತ್ತಾಗುತ್ತದೆ. ಮೊದಲು ಕಷ್ಟ ಬರಬೇಕು. ಡಾಕ್ಟರು ಕೈಚೆಲ್ಲಬೇಕು. ಆಮೇಲೆ ಉಪವಾಸ ಪ್ರಾರ್ಥನೆ. ಕೊನೆಗೆ ಸ್ಕ್ಯಾನ್ ಮಾಡಿದರೆ ಏನೂ ಇಲ್ಲ, ಡಾಕ್ಟರಿಗೇ ಆಶ್ಚರ್ಯ, ದೇವರಿಗೆ ಸ್ತೋತ್ರ. ಸುಳ್ಳು ಅಂತ ನಾನು ಹೇಳುತ್ತಿಲ್ಲ. ಹಾಗೆ ಆದವರನ್ನು ನಾನೇ ಕಂಡಿದ್ದೇನೆ. ಆದರೆ ನನ್ನ ಕಥೆಗೆ ಆ ಕೊನೆಯ ಸಾಲು ಇಲ್ಲ. ವಾರಕ್ಕೆ ಮೂರು ದಿನ ಡಯಾಲಿಸಿಸ್ ಮಷೀನಿಗೆ ಕೈ ಕೊಟ್ಟು ಮಲಗುವವನು ಎದ್ದು ನಿಂತು ಏನು ಸಾಕ್ಷಿ ಹೇಳಬೇಕು? ಅದೂ ಐದು ನಿಮಿಷದಲ್ಲಿ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಾವು ಗದಗ-ಬೆಟಗೇರಿಯವರು. ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಮಿಷನರಿಗಳು 1841ರಲ್ಲಿ ಬೆಟಗೇರಿಗೆ ಬಂದರು. ನಮ್ಮ ಮನೆತನ ಕ್ರೈಸ್ತರಾಗಿ ನನ್ನದು ಐದನೇ ತಲೆ. ಊರಿನವರು ಈಗಲೂ ಜರ್ಮನ್ ದವಾಖಾನೆ ಅಂತ ಕರೆಯುವ ಆಸ್ಪತ್ರೆಯಲ್ಲೇ ನಾನು ಹುಟ್ಟಿದ್ದು. ಗದಗಕ್ಕೆ ಮುದ್ರಣ ಕಾಶಿ ಅಂತ ಹೆಸರು, ಗೊತ್ತಲ್ವಾ? ಆ ಕಾಶಿಯ ಒಂದು ಸಣ್ಣ ಓಣಿಯಲ್ಲಿ ನನ್ನ ಎರಡು ಆಫ್‌ಸೆಟ್ ಮಷೀನು ಇದ್ದವು. ಲಗ್ನಪತ್ರಿಕೆ, ಬಿಲ್ ಬುಕ್ಕು, ಕ್ಯಾಲೆಂಡರ್. ಈಗ ಒಂದೇ ಮಷೀನು ಇದೆ.

2022ರ ನವೆಂಬರಿನಲ್ಲಿ ಕಾಲು ಬಾತುಕೊಂಡವು. ಕ್ಯಾಲೆಂಡರ್ ಸೀಜನ್, ದಿನಕ್ಕೆ ಹನ್ನೆರಡು ತಾಸು ನಿಂತು ಕೆಲಸ. ಅದಕ್ಕೇ ಬಾತಿರಬೇಕು ಅಂದುಕೊಂಡೆ. ಆಮೇಲೆ ಬೆಳಿಗ್ಗೆ ಎದ್ದರೆ ವಾಕರಿಕೆ. ಮೈಯೆಲ್ಲ ತುರಿಕೆ. ಬಾಯಲ್ಲಿ ಕಬ್ಬಿಣ ನೆಕ್ಕಿದ ರುಚಿ. ಡಿಸೆಂಬರ್ ಎರಡನೇ ವಾರ ಡಾಕ್ಟರು ಬಿಪಿ ನೋಡಿದರು. ಯಂತ್ರ ಸರಿ ಇಲ್ಲ ಅನ್ನಿಸಿತೋ ಏನೋ, ಇನ್ನೊಂದು ತರಿಸಿ ಮತ್ತೆ ನೋಡಿದರು. 210ಕ್ಕೆ 120. ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ 9.8 ಬಂತು. ಕಿಡ್ನಿ ಸೋಸಿ ಹೊರಗೆ ಹಾಕಬೇಕಾದ ಕಸ ಅದು, 1.2ರ ಒಳಗಿರಬೇಕು. ಸ್ಕ್ಯಾನಿನಲ್ಲಿ ಎರಡೂ ಕಿಡ್ನಿ ಕುಗ್ಗಿ ಹೋಗಿದ್ದವು. "ಇವು ಇನ್ನ ತಿರುಗಿ ಬರಂಗಿಲ್ರಿ" ಅಂದರು ಡಾಕ್ಟರು. ಒಳ್ಳೆಯ ಮನುಷ್ಯ. ಹೇಳುವಾಗ ನನ್ನ ಮುಖ ಬಿಟ್ಟು ಬೇರೆಲ್ಲೂ ನೋಡಲಿಲ್ಲ.

ಇಲ್ಲೊಂದು ಮಾತು ಹೇಳಲೇಬೇಕು. ನನಗೆ ಬಿಪಿ ಇದೆ ಅಂತ ಆರು ವರ್ಷ ಮೊದಲೇ ಗೊತ್ತಿತ್ತು. ಗುಳಿಗೆ ಬರೆದುಕೊಟ್ಟಿದ್ದರು. ತಲೆನೋವು ಹೋದ ಮೇಲೆ ನಾನೇ ಬಿಟ್ಟೆ. ಯಾರ ಮೇಲೂ ಹಾಕಲು ಬರುವುದಿಲ್ಲ.

ಮನೆಗೆ ಪ್ರಾರ್ಥನೆಗೆ ಬಂದ ಹಿರಿಯರೊಬ್ಬರು ಚಹಾ ಕುಡಿಯುತ್ತ, "ಜೀವನದಾಗ ಏನರ ಮುಚ್ಚಿಟ್ಟಿದ್ರ ಅರಿಕೆ ಮಾಡಪಾ" ಅಂದರು. ನನ್ನ ಹೆಂಡತಿಗೆ ಸಿಟ್ಟು ಬಂತು. ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಯೋಹಾನ 9ನೇ ಅಧ್ಯಾಯ ತೆಗೆದು ತೋರಿಸಿದಳು. ಹುಟ್ಟುಕುರುಡನನ್ನು ಕಂಡು ಶಿಷ್ಯರು ಕೇಳುತ್ತಾರಲ್ಲ, ಯಾರು ಪಾಪ ಮಾಡಿದ್ದು, ಇವನೋ ಇವನ ತಂದೆತಾಯಿಗಳೋ ಅಂತ. ಇಬ್ಬರೂ ಅಲ್ಲ ಅಂತ ಯೇಸು ಹೇಳುತ್ತಾನೆ. ಹಿರಿಯರು ಸುಮ್ಮನಾದರು. ನನಗೆ ಒಳಗೊಳಗೇ ನಗು. ಆ ಕುರುಡ ಗುಳಿಗೆ ಬಿಟ್ಟವನಲ್ಲ. ಆ ವಚನದ ಸಮಾಧಾನ ನನಗೆ ಪೂರ್ತಿ ಅಳತೆಗೆ ಕೂರುತ್ತಿರಲಿಲ್ಲ. ತಪ್ಪು ಮಾಡದೆ ಕಷ್ಟಪಟ್ಟವನಿಗೆ ದೇವರ ಮುಂದೆ ವಾದ ಮಾಡುವ ಹಕ್ಕಾದರೂ ಇರುತ್ತದೆ. ನನಗೆ ಅದೂ ಇರಲಿಲ್ಲ.

ಕ್ರಿಸ್ಮಸ್ಸಿಗೆ ಒಂಬತ್ತು ದಿನ ಇದ್ದಾಗ ಹುಬ್ಬಳ್ಳಿಯಲ್ಲಿ ಕುತ್ತಿಗೆಗೆ ಒಂದು ನಳಿಕೆ ಹಾಕಿ ಮೊದಲ ಡಯಾಲಿಸಿಸ್ ಮಾಡಿದರು. ಪ್ರತಿ ವರ್ಷ ಕ್ರಿಸ್ಮಸ್ ಆರಾಧನೆಗೆ ಮೊದಲ ಬೆಂಚಿನಲ್ಲಿ ಕೂರುವವನು ಆ ವರ್ಷ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಹಿಂದೆ ಬಾಗಿಲ ಹತ್ತಿರ ಕೂತೆ. ಹಾಡಿದರೆ ನಳಿಕೆ ಎಳೆಯುತ್ತಿತ್ತು. ಬರೀ ತುಟಿ ಆಡಿಸಿದೆ.

ಡಯಾಲಿಸಿಸ್ ಅಂದರೆ ಏನು ಅಂತ ಜಾಸ್ತಿ ಜನರಿಗೆ ಗೊತ್ತಿಲ್ಲ. ರೋಗ ವಾಸಿ ಮಾಡುವ ಚಿಕಿತ್ಸೆ ಅಂದುಕೊಂಡಿರುತ್ತಾರೆ. "ಇನ್ನೂ ಎಷ್ಟು ದಿನ ಐತ್ರಿ ಕೋರ್ಸು?" ಅಂತ ಕೇಳುತ್ತಾರೆ. ಕೋರ್ಸ್ ಇಲ್ಲ. ಕಿಡ್ನಿ ಮಾಡಬೇಕಾದ ಕೆಲಸದ ಒಂದು ಪಾಲನ್ನು ಮಷೀನು ಮಾಡುತ್ತದೆ, ಅಷ್ಟೇ. ರಕ್ತ ಹೊರಗೆ ಬರುತ್ತದೆ, ಸೋಸಿಕೊಂಡು ಒಳಗೆ ಹೋಗುತ್ತದೆ. ನಿಮಿಷಕ್ಕೆ ಸುಮಾರು 300 ಮಿಲಿ. ನಾಲ್ಕು ತಾಸಿಗೆ 70 ಲೀಟರ್ ದಾಟುತ್ತದೆ. ಮೈಯಲ್ಲಿರುವುದೇ ಐದು ಲೀಟರ್, ಅದೇ ರಕ್ತ ಸುತ್ತಿ ಸುತ್ತಿ ಬರುತ್ತದೆ. ರಕ್ತವನ್ನು ತಳ್ಳುವ ಪಂಪಿನಲ್ಲಿ ಸಣ್ಣ ರೋಲರುಗಳಿವೆ. ಮೊದಲ ದಿನ ಆ ರೋಲರ್ ತಿರುಗುವುದನ್ನೇ ನೋಡುತ್ತಿದ್ದೆ. ಇಪ್ಪತ್ತು ವರ್ಷ ನಾನು ರೋಲರಿಗೆ ಶಾಯಿ ಹಾಕಿದವನು. ಈಗ ಬೇರೆ ಯಾರದೋ ಪ್ರೆಸ್ಸಿನಲ್ಲಿ ನಾನೇ ಶಾಯಿ ಆಗಿದ್ದೆ.

ಆವತ್ತು ಪ್ರಾರ್ಥನೆ ಬರಲಿಲ್ಲ. ಸಂಡೇ ಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ಸತ್ಯವೇದದ ಕೀರ್ತನೆಗಳು ಒಂದೂ ನೆನಪಾಗಲಿಲ್ಲ. "ಕರ್ತನೇ" ಅಂತ ಒಂದೇ ಶಬ್ದ. ಅದರ ಮುಂದೆ ಕ್ರಿಯಾಪದವೇ ಇಲ್ಲ.

ಕುತ್ತಿಗೆಯ ನಳಿಕೆ ಬಹಳ ದಿನ ಇಡುವ ಹಾಗಿಲ್ಲ, ನಂಜಾಗುತ್ತದೆ. ಅದಕ್ಕೆ ಎಡಗೈ ಮಣಿಕಟ್ಟಿನ ಮೇಲೆ ಫಿಸ್ಟುಲಾ ಮಾಡಿದರು. ಒಳಗಿನ ಎರಡು ರಕ್ತನಾಳ ಸೇರಿಸಿ ಹೊಲಿಯುತ್ತಾರೆ. ರಕ್ತ ಜೋರಾಗಿ ಹರಿದು ಹರಿದು ನಾಳ ದಪ್ಪ ಆಗಬೇಕು. ಅದಕ್ಕೆ ಆರರಿಂದ ಎಂಟು ವಾರ. ಅಲ್ಲಿಯವರೆಗೆ ರಬ್ಬರ್ ಚೆಂಡು ಹಿಸುಕುತ್ತ ಕೂರಬೇಕು. ಅಲ್ಲಿ ಕೈ ಇಟ್ಟರೆ ಝುಂ ಅನ್ನುತ್ತದೆ, ಪಂಜರದಲ್ಲಿ ಜೇನುಹುಳ ಸಿಕ್ಕಿಕೊಂಡ ಹಾಗೆ. ಝುಂ ನಿಂತರೆ ನಾಳ ಕಟ್ಟಿದೆ ಅಂತ ಅರ್ಥ. ದಿನಾ ನೋಡಿಕೊಳ್ಳಿ ಅಂತ ಡಾಕ್ಟರು ಹೇಳಿದ್ದರು. ಅವ್ವ ಆ ಕೆಲಸ ತಾನು ತಗೊಂಡಳು. ರಾತ್ರಿ ಕುಟುಂಬ ಪ್ರಾರ್ಥನೆ ಮುಗಿದ ಕೂಡಲೇ ನನ್ನ ಕೈ ಹಿಡಿದು, ಕಣ್ಣು ಮುಚ್ಚಿ, ಬೆರಳಿಟ್ಟು ನೋಡುತ್ತಿದ್ದಳು.

ದುಡ್ಡಿನ ಕಥೆ ಚಿಕ್ಕದಾಗಿ ಹೇಳುತ್ತೇನೆ. ಖಾಸಗಿಯಲ್ಲಿ ಆಗ ಒಂದು ಸಲಕ್ಕೆ 1,800 ರೂಪಾಯಿ, ಮೇಲೆ ಇಂಜೆಕ್ಷನ್ನು, ಹುಬ್ಬಳ್ಳಿಗೆ ಹೋಗಿ ಬರುವ ಖರ್ಚು. ನಾಲ್ಕು ತಿಂಗಳಿಗೆ ಎರಡನೇ ಮಷೀನು ಮಾರಿದೆ. ಆಮೇಲೆ ಜಿಲ್ಲಾ ಮಟ್ಟದ ಸರ್ಕಾರಿ ಆಸ್ಪತ್ರೆಯಲ್ಲಿ ಬಿಪಿಎಲ್ ಕಾರ್ಡ್ ಇದ್ದವರಿಗೆ ಪುಕ್ಕಟೆ ಡಯಾಲಿಸಿಸ್ ಇದೆ ಅಂತ ಗೊತ್ತಾಯಿತು. 2016ರಲ್ಲಿ ಶುರುವಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ. ಯಾರಿಗಾದರೂ ಬೇಕಾದರೆ ಮೊದಲ ದಿನವೇ ಕೇಳಿ, ನನ್ನ ಹಾಗೆ ಮಷೀನು ಮಾರಿದ ಮೇಲೆ ಅಲ್ಲ. ಮಂಗಳವಾರ, ಗುರುವಾರ, ಶನಿವಾರ, ಬೆಳಿಗ್ಗೆ ಆರರ ಪಾಳಿ ಸಿಕ್ಕಿತು.

ಈಗ ನಾಚಿಕೆಯ ಕಥೆ.

2023ರ ಆಗಸ್ಟಿನಲ್ಲಿ ಹತ್ತಿರದ ಊರೊಂದಕ್ಕೆ ಪ್ರಸಂಗಿಯೊಬ್ಬರು ಬಂದಿದ್ದರು. ಸ್ವಸ್ಥತೆಯ ಕೂಟ. ನಾನು ಹೋದೆ. ಯಾರ ಒತ್ತಾಯವೂ ಇರಲಿಲ್ಲ. ತಲೆಯ ಮೇಲೆ ಕೈ ಇಟ್ಟು ಬಹಳ ಹೊತ್ತು ಪ್ರಾರ್ಥಿಸಿದರು. ನನಗೆ ಮೈ ಬೆಚ್ಚಗಾಯಿತು, ಅದೂ ನಿಜ. ಕೊನೆಗೆ, "ನಿನಗ ವಾಸಿ ಆಗೇತಿ. ಮಷೀನಿಗೆ ಹೋದ್ರ ಅದು ಅಪನಂಬಿಕೆ" ಅಂದರು. ನಮ್ಮ ಮನೆಯ ಗೋಡೆಯ ಮೇಲೆ 91ನೇ ಕೀರ್ತನೆ ಇದೆ, ನಾನೇ ಬಣ್ಣದಲ್ಲಿ ಅಚ್ಚು ಹಾಕಿ ಫ್ರೇಮ್ ಹಾಕಿಸಿದ್ದು. ದೇವದೂತರು ನಿನ್ನ ಕಾಲು ಕಲ್ಲಿಗೆ ತಗಲದಂತೆ ಕೈಯಲ್ಲಿ ಎತ್ತಿಕೊಳ್ಳುವರು ಅನ್ನುವ ಮಾತು ಅದರಲ್ಲಿದೆ. ಆ ಫ್ರೇಮ್ ಮುಂದೆ ನಿಂತು ತೀರ್ಮಾನ ಮಾಡಿದೆ. ಶನಿವಾರ ಡಯಾಲಿಸಿಸ್‌ಗೆ ಹೋಗಲಿಲ್ಲ. ಹೆಂಡತಿ ತವರಿಗೆ ಹೋಗಿದ್ದಳು. ಅವ್ವನಿಗೆ, "ಇವತ್ತು ಮಷೀನ್ ಕೆಟ್ಟೈತಂತ" ಅಂತ ಸುಳ್ಳು ಹೇಳಿದೆ. ನಂಬಿಕೆ ತೋರಿಸಲು ಸುಳ್ಳು ಹೇಳಬೇಕಾಯಿತಲ್ಲ, ಆಗಲೇ ನನಗೆ ತಿಳಿಯಬೇಕಿತ್ತು.

ಐತವಾರ ಚೆನ್ನಾಗಿದ್ದೆ. ಎರಡು ಲೋಟ ನೀರು ಜಾಸ್ತಿಯೇ ಕುಡಿದೆ. ಸೋಮವಾರ ನಸುಕಿನ ಎರಡು ಗಂಟೆಗೆ ಎಚ್ಚರವಾಯಿತು. ಮಲಗಿದರೆ ಉಸಿರು ಬರುತ್ತಿಲ್ಲ. ಎದ್ದು ಕೂತರೂ ಬರುತ್ತಿಲ್ಲ. ಎದೆಯೊಳಗೆ ಗುಳುಗುಳು ಶಬ್ದ. ಗೋಡೆ ಹಿಡಿದುಕೊಂಡು ಕಿಟಕಿಗೆ ಹೋಗಿ ಬಾಯಿ ತೆರೆದು ನಿಂತೆ, ದಂಡೆಗೆ ಬಿದ್ದ ಮೀನಿನ ಹಾಗೆ. ಪಕ್ಕದ ಮನೆಯವರ ಗೂಡ್ಸ್ ಆಟೋದಲ್ಲಿ ಕರೆದುಕೊಂಡು ಹೋದರು. ಶ್ವಾಸಕೋಶದಲ್ಲಿ ನೀರು ತುಂಬಿತ್ತು. ತೂಕ ಐದು ಕಿಲೋ ಏರಿತ್ತು. ಆ ರಾತ್ರಿಯ ಪಾಳಿಯಲ್ಲಿದ್ದ ಹುಡುಗ, ಟೆಕ್ನಿಷಿಯನ್, ಬೈಯಲೂ ಇಲ್ಲ. "ಅಣ್ಣಾ, ಹಿಂಗ್ಯಾಕ ಮಾಡಿದ್ರಿ" ಅಂತ ಮಾತ್ರ ಅಂದ. ಸೂಜಿ ಹಾಕುವಾಗ ಅವನ ಕೈ ನಡುಗುತ್ತಿತ್ತು.

ಬೆಳಿಗ್ಗೆ ಅವ್ವನಿಗೆ ಎಲ್ಲ ಹೇಳಿದೆ. ಅವಳು ಓದಿದ್ದು ನಾಲ್ಕನೇ ಇಯತ್ತೆ. ಸತ್ಯವೇದ ಬಿಟ್ಟು ಬೇರೆ ಪುಸ್ತಕ ಮುಟ್ಟಿದವಳಲ್ಲ. ಸೆರಗಿನಿಂದ ನನ್ನ ಬಾಯಿ ಒರೆಸುತ್ತ ಕೇಳಿದಳು:

"ತಮ್ಮಾ, ಆ ವಚನ ಇಟ್ಕೊಂಡು ದೇವಾಲಯದ ಮ್ಯಾಲಿಂದ ಜಿಗಿ ಅಂತ ಯೇಸುಗ ಹೇಳಿದಾಂವ ಯಾರು, ನೆನಪೈತಿಲ್ಲ?"

ನೆನಪಿತ್ತು. ಮತ್ತಾಯ 4ನೇ ಅಧ್ಯಾಯ. ಅಲ್ಲಿ 91ನೇ ಕೀರ್ತನೆ ಹೇಳುವವನು ಸೈತಾನ. ಫ್ರೇಮ್ ಈಗಲೂ ಗೋಡೆಯ ಮೇಲಿದೆ. ಅದರ ಮುಂದೆ ಹಾದುಹೋಗುವಾಗೆಲ್ಲ ಅವ್ವನ ಪ್ರಶ್ನೆ ಕಿವಿಗೆ ಬೀಳುತ್ತದೆ. ಆ ಪ್ರಸಂಗಿಯ ಮೇಲೆ ಬಹಳ ದಿನ ಸಿಟ್ಟಿತ್ತು. ಈಗ ಸಿಟ್ಟಿಗಿಂತ ಹೆಚ್ಚಾಗಿ ಒಂದು ಅನುಮಾನ ಉಳಿದಿದೆ. ಅವರಿಗೆ ನನ್ನ ಮುಖ ನೆನಪಿರಲಿಕ್ಕಿಲ್ಲ.

ಅದಾದ ಮೇಲೆ ಸ್ವಲ್ಪ ದಿನ ನಾನು ಪ್ರಾರ್ಥನೆಯನ್ನೇ ಬಿಟ್ಟೆ ಅಂದರೂ ನಡೆಯುತ್ತದೆ. ಮನೆಯಲ್ಲಿ ಎಲ್ಲರೂ ಮೊಣಕಾಲೂರಿದಾಗ ನಾನೂ ಊರುತ್ತಿದ್ದೆ. ಮಾತು ಅವರದು. ನನ್ನ ಪಾಲಿನ ಪ್ರಾರ್ಥನೆಯನ್ನು ಅವರೇ ಮಾಡುತ್ತಿದ್ದರು, ಜ್ವರ ಬಂದವನ ಹೊಲದ ಕೆಲಸ ಅಣ್ಣತಮ್ಮಂದಿರು ಮಾಡಿದ ಹಾಗೆ.

ಮತ್ತೆ ಬಾಯಿ ತೆರೆಯುವಂತೆ ಮಾಡಿದ್ದು 88ನೇ ಕೀರ್ತನೆ. ಮಷೀನಿಗೆ ಮಲಗಿದಾಗ ಬಲಗೈ ಖಾಲಿ ಇರುತ್ತದೆ, ಮೊಬೈಲಿನಲ್ಲಿ ಸತ್ಯವೇದ ಓದಬಹುದು. ಸಂಕಟದ ಕೀರ್ತನೆಗಳು ಬಹಳ ಇವೆ, ಆದರೆ ಹೆಚ್ಚಿನವು ಕೊನೆಗೆ ತಿರುಗುತ್ತವೆ. ಅಳು ಶುರುವಾಗಿ ಸ್ತುತಿಯಲ್ಲಿ ಮುಗಿಯುತ್ತದೆ. ನಮ್ಮ ಸಾಕ್ಷಿಗಳ ಅಚ್ಚು ಅಲ್ಲಿಂದಲೇ ಬಂದಿದ್ದೋ ಏನೋ. 88 ಮಾತ್ರ ತಿರುಗುವುದಿಲ್ಲ. ರಾತ್ರಿಹಗಲು ಕೂಗುತ್ತಿದ್ದೇನೆ, ನನ್ನಿಂದ ಮುಖ ಯಾಕೆ ಮರೆಮಾಡಿದಿ ಅಂತ ಕೇಳುತ್ತ ಕೇಳುತ್ತ ಕತ್ತಲೆಯಲ್ಲೇ ಮುಗಿದುಹೋಗುತ್ತದೆ. ಮೊದಲ ಸಲ ಓದಿದಾಗ ಮುಂದಿನ ಪುಟ ಲೋಡ್ ಆಗಿಲ್ಲವೇನೋ ಅಂತ ಬೆರಳಿಂದ ಸರಿಸಿ ನೋಡಿದೆ. 89 ಬಂತು. ಇಷ್ಟೇ ಇದು. ಇದನ್ನೂ ಯಾರೋ ದೇವಾಲಯದಲ್ಲಿ ಹಾಡಿದ್ದಾರೆ, ಯಾರೋ ಬರೆದಿಟ್ಟಿದ್ದಾರೆ, ಯಾರೂ ಕೊನೆಗೆ ಒಂದು ಸ್ತೋತ್ರದ ಸಾಲು ಸೇರಿಸಿ ತಿದ್ದಿಲ್ಲ. ಪ್ರೂಫ್ ತಿದ್ದುವವನಿಗೆ ಗೊತ್ತು, ತಿದ್ದದೆ ಬಿಡುವುದು ಎಷ್ಟು ಕಷ್ಟ ಅಂತ.

ಆವತ್ತಿನಿಂದ ನಾನು ದೇವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳತೊಡಗಿದೆ. ಬೇಸರವಾಗಿದೆ ಅಂದರೆ ಬೇಸರವಾಗಿದೆ. ನಿನ್ನ ಮೇಲೆ ಸಿಟ್ಟಿದೆ ಅಂದರೆ ಸಿಟ್ಟಿದೆ. ಮಾರ್ಕನ ಸುವಾರ್ತೆಯಲ್ಲಿ ಮಗನನ್ನು ಕರೆದುಕೊಂಡು ಬಂದ ಅಪ್ಪನೊಬ್ಬ ಇದ್ದಾನೆ. ನಂಬುತ್ತೇನೆ ಅನ್ನುತ್ತಾನೆ, ಅದೇ ಉಸಿರಿನಲ್ಲಿ ನನ್ನ ಅಪನಂಬಿಕೆಗೆ ಸಹಾಯ ಮಾಡು ಅಂತಲೂ ಅನ್ನುತ್ತಾನೆ. ಯೇಸು ಅವನಿಗೆ ಮೊದಲು ಒಂದು ಕಡೆ ನಿರ್ಧಾರ ಮಾಡಿಕೊಂಡು ಬಾ ಅನ್ನಲಿಲ್ಲ. ಮಗನನ್ನು ವಾಸಿ ಮಾಡಿದ.

ನೀರಿನ ಬಗ್ಗೆ ಬರೆಯದಿದ್ದರೆ ಡಯಾಲಿಸಿಸ್ ಮಾಡಿಸಿಕೊಳ್ಳುವವರು ಯಾರೂ ನನ್ನನ್ನು ನಂಬುವುದಿಲ್ಲ. ಮೂತ್ರ ಕಡಿಮೆಯಾಗುತ್ತ ಹೋಗುತ್ತದೆ. ಕುಡಿದ ನೀರು ಮೈಯಲ್ಲೇ ಉಳಿಯುತ್ತದೆ. ನನಗೆ ದಿನಕ್ಕೆ ಒಂದು ಲೀಟರ್ ಲೆಕ್ಕ. ಚಹಾ, ಸಾರು, ಮಜ್ಜಿಗೆ, ಗುಳಿಗೆ ನುಂಗುವ ನೀರು ಎಲ್ಲ ಸೇರಿ. ಹೆಂಡತಿ ಬೆಳಿಗ್ಗೆ ಒಂದು ಬಾಟಲಿ ತುಂಬಿಡುತ್ತಾಳೆ. ಚಹಾ ಕೊಟ್ಟರೆ ಅಷ್ಟು ನೀರು ಬಾಟಲಿಯಿಂದ ಚೆಲ್ಲುತ್ತಾಳೆ. ಎಳನೀರು ಪೂರ್ತಿ ಬಂದ್. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ನಮ್ಮಂಥವರ ಎದೆಬಡಿತವೇ ನಿಂತುಬಿಡಬಹುದು. ಸುಗ್ಗಿ ಹಬ್ಬದ ದಿನ ಜನ ಕಾಣಿಕೆ ತಂದು ವೇದಿಕೆ ಮುಂದೆ ಗುಡ್ಡೆ ಹಾಕುತ್ತಾರೆ, ಆರಾಧನೆ ಆದ ಮೇಲೆ ಲಿಲಾವು. ಜೋಳದ ಚೀಲ, ಕುಂಬಳಕಾಯಿ, ಕೋಳಿ, ಬಾಳೆಗೊನೆ, ಎಳನೀರು. ಪ್ರತಿ ವರ್ಷ ಲಿಲಾವು ಕೂಗುವವನು ನಾನೇ. "ಎಳನೀರು ಗೊಂಚಲ ಮುನ್ನೂರು ಒಂದ್ ಸಲಾ!" ಅಂತ ಕೂಗುತ್ತೇನೆ. ಬಾಯಲ್ಲಿ ನೀರೇ ಇರುವುದಿಲ್ಲ.

2023ರ ಶುಭ ಶುಕ್ರವಾರ ಏಪ್ರಿಲ್ 7ಕ್ಕೆ ಬಂದಿತ್ತು. ಫಿಸ್ಟುಲಾ ಶುರುವಾಗಿ ತಿಂಗಳಾಗಿತ್ತಷ್ಟೇ. ನಮ್ಮಲ್ಲಿ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಮೇಲೆ ಆರಾಧನೆ. ಗದಗಿನ ಏಪ್ರಿಲ್ ಬಿಸಿಲು, ಫ್ಯಾನು ಬಿಸಿಗಾಳಿ ತಿರುಗಿಸುತ್ತದೆ ಅಷ್ಟೇ. ಸಣ್ಣವನಿದ್ದಾಗಿನಿಂದ ಕೇಳಿದ್ದೇನೆ. ನಿಜ ಹೇಳಬೇಕಂದರೆ ನಾಲ್ಕನೇ ಮಾತಿನ ಹೊತ್ತಿಗೆ ನನಗೆ ತೂಕಡಿಕೆ ಬರುತ್ತಿತ್ತು. ಐದನೇ ಮಾತು ಬಹಳ ಚಿಕ್ಕದು, ಅದರ ಮೇಲೆ ಮಾತಾಡಲು ಸಾಮಾನ್ಯವಾಗಿ ಹೊಸಬರನ್ನು ಬಿಡುತ್ತಾರೆ. ಆ ವರ್ಷ ಕಾಲೇಜು ಓದುವ ಹುಡುಗಿಯೊಬ್ಬಳು ಎದ್ದು ಓದಿದಳು. "ನನಗೆ ನೀರಡಿಕೆಯಾಗಿದೆ."

ನೀರಡಿಕೆ. ನಮ್ಮ ಕಡೆ ದಿನಾ ಆಡುವ ಮಾತು ಅದು. ಬೇಸಿಗೆಯಲ್ಲಿ ಯಾರ ಮನೆಯ ಕಟ್ಟೆಯ ಮೇಲೆ ಕೂತರೂ, "ನೀರಡಿಕಿ ಆಗೇತ್ರಿ, ಒಂದ್ ತಂಬಿಗಿ ನೀರ್ ಕೊಡ್ರಿ" ಅಂತ ಕೇಳುತ್ತೇವೆ. ಯಾರೂ ಇಲ್ಲ ಅನ್ನುವುದಿಲ್ಲ. ನನ್ನ ನಾಲಿಗೆ ಆಗ ಅಂಗುಳಕ್ಕೆ ಅಂಟಿಕೊಂಡಿತ್ತು. ಬಾಟಲಿಯ ಲೆಕ್ಕದಲ್ಲಿ ಸಂಜೆಯವರೆಗೆ ನೂರು ಮಿಲಿ ಉಳಿದಿತ್ತು. ದೇವರ ಮಗನ ಬಾಯಿ ಒಣಗಿತ್ತು ಅನ್ನುವುದನ್ನು ನಾನು ಅಷ್ಟು ವರ್ಷ ಕಿವಿಯಿಂದ ಕೇಳಿದ್ದೆ. ಆವತ್ತು ಬಾಯಿಂದ ಕೇಳಿದೆ. ಏನೂ ಬದಲಾಗಲಿಲ್ಲ, ನೀರಡಿಕೆ ಹಾಗೇ ಇತ್ತು. ಅಳು ಬಂತು. ಪಕ್ಕದಲ್ಲಿದ್ದ ಮಗಳು ಏಳನೇ ಕ್ಲಾಸಿನವಳು, "ಪಪ್ಪಾ, ಅತ್ರ ನೀರು ಹೋಗ್ತಾವಲ್ಲ, ಛಲೋನ ಆತು" ಅಂತ ಕಿವಿಯಲ್ಲಿ ಹೇಳಿದಳು.

ವಾರ್ಡಿನಲ್ಲಿ ನನ್ನ ಎಡಗಡೆ ಹಾಸಿಗೆ ನರಗುಂದದ ಕಾಕಾ ಒಬ್ಬರದು. ಈರುಳ್ಳಿ ಬೆಳೆಯುವವರು, ಲಿಂಗಾಯತರು. ಬಲಗಡೆ ಲಾರಿ ಓಡಿಸುತ್ತಿದ್ದ ಸಾಬರು. ಮೂವರೂ ಒಂದೇ ಪಾಳಿ. ಕಾಕಾ ಲಿಂಗ ಹಿಡಿದು ಕಣ್ಣು ಮುಚ್ಚುತ್ತಿದ್ದರು, ಸಾಬರು ತುಟಿಯಲ್ಲೇ ಏನೋ ಅನ್ನುತ್ತಿದ್ದರು, ನಾನು ನನ್ನ ಕೀರ್ತನೆ. ಮೂರು ಪ್ರಾರ್ಥನೆಯ ನಡುವೆ ಮಷೀನುಗಳ ಅಲಾರಂ. ಕಾಕಾ ಪ್ರತಿ ಶನಿವಾರ ಮನೆಯ ಖಟಕ್ ರೊಟ್ಟಿ ತಂದು ಎಲ್ಲರಿಗೂ ಹಂಚುತ್ತಿದ್ದರು. "ನಿಮ್ಮ ಯೇಸು ಏನಂತಾನಪಾ?" ಅಂತ ಕೇಳುತ್ತಿದ್ದರು. "ಕಾಯು ಅಂತಾನ್ರಿ ಕಾಕಾ." "ನಮ್ಮ ಬಸವಣ್ಣನೂ ಅದನ್ನ ಅನ್ನಾಕತ್ಯಾನ ನೋಡು."

ಹೋದ ವರ್ಷ ಒಂದು ಮಂಗಳವಾರ ಆ ಹಾಸಿಗೆಯಲ್ಲಿ ಬೇರೆ ಯಾರೋ ಮಲಗಿದ್ದರು. ಟೆಕ್ನಿಷಿಯನ್ ಹುಡುಗ ನನ್ನ ಕಡೆ ನೋಡಲಿಲ್ಲ. ಕಾಕಾರಿಗಾಗಿ ನಾನು ದಿನಾ ಪ್ರಾರ್ಥಿಸಿದ್ದೆ, ಹೆಸರು ಹಿಡಿದು. ನನಗಿಂತ ಚೆನ್ನಾಗಿ ಪಥ್ಯ ಮಾಡಿದ ಮನುಷ್ಯ. ಯಾಕೆ ಅವರು, ಯಾಕೆ ನಾನಲ್ಲ? ಇದಕ್ಕೆ ಉತ್ತರ ಹೇಳುವವರು ಸಿಗುತ್ತಾರೆ. ಸತ್ಯವೇದದಲ್ಲಿ ಎಲ್ಲ ಕಳೆದುಕೊಂಡ ಯೋಬನ ಗೆಳೆಯರೂ ಏಳು ದಿನ ಏಳು ರಾತ್ರಿ ಮಾತಾಡದೆ ನೆಲದ ಮೇಲೆ ಅವನ ಜೊತೆ ಕೂತಿದ್ದರು. ಅಲ್ಲಿಯವರೆಗೆ ಚೆನ್ನಾಗಿತ್ತು. ಬಾಯಿ ತೆರೆದ ಮೇಲೆಯೇ ಕೆಟ್ಟಿದ್ದು.

ಕಿಡ್ನಿ ಕಸಿಯ ವಿಷಯ. ತಂಗಿಯ ರಕ್ತದ ಗುಂಪು ಬೇರೆ. ಅವ್ವನಿಗೆ ಸಕ್ಕರೆ ಕಾಯಿಲೆ, ವಯಸ್ಸು 68. ಆದರೂ ಡಾಕ್ಟರ ಮುಂದೆ ಜಗಳಕ್ಕೇ ನಿಂತಿದ್ದಳು. ಹೆಂಡತಿಯ ಗುಂಪು ಹೊಂದಿತು. ಎರಡು ತಿಂಗಳು ಪರೀಕ್ಷೆಗಳು ನಡೆದವು. ಅವಳು ಒಂದೊಂದು ರಿಪೋರ್ಟನ್ನೂ ಸತ್ಯವೇದದ ಒಳಗೆ ಇಟ್ಟು ಕೊಡುತ್ತಿದ್ದಳು. ಕೊನೆಯ ಸ್ಕ್ಯಾನಿನಲ್ಲಿ ಅವಳ ಒಂದು ಕಿಡ್ನಿ ಇನ್ನೊಂದಕ್ಕಿಂತ ತುಂಬಾ ಕಡಿಮೆ ಕೆಲಸ ಮಾಡುತ್ತಿದೆ ಅಂತ ಗೊತ್ತಾಯಿತು. ಕೊಡುವ ಹಾಗಿಲ್ಲ. ನನಗೆ ರೋಗ ಬಂದಾಗಲೂ ಅತ್ತವಳಲ್ಲ. ಆವತ್ತು ಹುಬ್ಬಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಕೂತು ಅತ್ತಳು. "ಕೊಡ್ತೀನಿ ಅಂದ್ರೂ ಒಲ್ಲೆ ಅಂದ್ನಲ್ರಿ ದೇವ್ರು."

ಪರೀಕ್ಷೆ ಮಾಡಿಸಿದ್ದರಿಂದಲೇ ಅವಳ ತೊಂದರೆ ಬೇಗ ತಿಳಿಯಿತು, ನೋಡಿ ದೇವರ ಚಿತ್ತ ಹೇಗಿದೆ ಅಂತ ನಮ್ಮ ಸಭೆಯಲ್ಲಿ ಬಹಳ ಜನ ಹೇಳಿದರು. ಇರಬಹುದು. ಆದರೆ ಆ ಮಾತು ಹೇಳುವ ಹಕ್ಕು ಅವಳಿಗೆ ಮಾತ್ರ ಇದೆ ಅಂತ ನನ್ನ ಲೆಕ್ಕ. ಅವಳು ಇನ್ನೂ ಹೇಳಿಲ್ಲ.

ಆಮೇಲೆ ಜೀವಸಾರ್ಥಕತೆಯ ಪಟ್ಟಿಯಲ್ಲಿ ಹೆಸರು ಹಚ್ಚಿಸಿದೆವು. ಮೆದುಳು ಸತ್ತವರ ಮನೆಯವರು ಅಂಗಾಂಗ ಕೊಡಲು ಒಪ್ಪಿದರೆ ರಾಜ್ಯದಲ್ಲಿ ಅದನ್ನು ಪಟ್ಟಿಯ ಪ್ರಕಾರ ಹಂಚುವ ಸಂಸ್ಥೆ ಅದು. ಇಲ್ಲಿ ನನಗೆ ಪ್ರಾರ್ಥನೆಯದೇ ಹೊಸ ತೊಡಕು ಶುರುವಾಯಿತು. "ಕರ್ತನೇ, ಬೇಗ ಕಿಡ್ನಿ ಸಿಗಲಿ" ಅಂತ ಬೇಡುವುದು ಹೇಗೆ? ಅದು ಬರಬೇಕಾದರೆ ಯಾರದೋ ಮನೆಯಲ್ಲಿ ದೀಪ ಆರಬೇಕು. ಹೆಚ್ಚಾಗಿ ರಸ್ತೆ ಅಪಘಾತದಲ್ಲಿ, ಹೆಚ್ಚಾಗಿ ಪ್ರಾಯದ ಹುಡುಗರು. ಸಭೆಯವರು ಗಟ್ಟಿಯಾಗಿ ಪ್ರಾರ್ಥಿಸುವಾಗ ನನಗೆ ಆಮೆನ್ ಅನ್ನಲು ಬಾಯಿ ಬರುತ್ತಿರಲಿಲ್ಲ.

ಒಂದು ಸಲ ಕರೆ ಬಂತು. ರಾತ್ರಿ ಹನ್ನೊಂದೂ ಮುಕ್ಕಾಲು. "ಏನೂ ತಿನ್ನಬ್ಯಾಡ್ರಿ, ಕುಡೀಬ್ಯಾಡ್ರಿ, ಹೊಂಟ್ ಬರ್ರಿ." ಗೆಳೆಯನ ಕಾರಿನಲ್ಲಿ ಹುಬ್ಬಳ್ಳಿಗೆ ಹೋದೆವು. ಒಂದು ಕಿಡ್ನಿಗೆ ಇಬ್ಬರು ಮೂವರನ್ನು ಕರೆಸುತ್ತಾರೆ, ಮೊದಲಿನವರಿಗೆ ರಕ್ತ ಹೊಂದದಿದ್ದರೆ ಅಂತ. ನಾನು ಎರಡನೆಯವನು. ರಕ್ತ ತಗೊಂಡರು. ಕಾಯಿರಿ ಅಂದರು.

ಆ ಬೆಂಚಿನ ಮೇಲೆ ಕೂತಾಗ ಲೆಕ್ಕ ಹಾಕಿದೆ. ಮೆದುಳು ಸತ್ತಿದೆ ಅಂತ ವೈದ್ಯರ ತಂಡ ಎರಡು ಸಲ ಪರೀಕ್ಷೆ ಮಾಡಬೇಕು, ನಡುವೆ ಕನಿಷ್ಠ ಆರು ತಾಸು ಇರಬೇಕು, 1994ರ ಕಾಯ್ದೆಯ ನಿಯಮ. ಅಂದರೆ ಇನ್ನೆಲ್ಲೋ ಇನ್ನೊಂದು ಬೆಂಚಿನ ಮೇಲೆ ಯಾರೋ ಆ ಆರು ತಾಸು ಕೂತಿದ್ದರು. ಎರಡನೇ ಪರೀಕ್ಷೆಯಲ್ಲಾದರೂ ಮಗ ಕಣ್ಣು ಬಿಡಲಿ ಅಂತ ಬೇಡಿಕೊಂಡಿರುತ್ತಾರೆ. ಅವರ ಪ್ರಾರ್ಥನೆ, ನನ್ನ ಪ್ರಾರ್ಥನೆ ಎರಡೂ ಒಂದೇ ದೇವರ ಹತ್ತಿರ ಹೋಗುತ್ತಿದ್ದವು. ಅವ್ವ ಜಪಿಸುವ ಹಾಗೆ ಏನೋ ಅನ್ನುತ್ತಿದ್ದಳು. ಬಗ್ಗಿ ಕೇಳಿದೆ. "ಆ ತಾಯಿಗೆ ಶಕ್ತಿ ಕೊಡು, ಆ ತಾಯಿಗೆ ಶಕ್ತಿ ಕೊಡು." ನನ್ನ ಹೆಸರೇ ಇರಲಿಲ್ಲ. ನಾನೂ ಅದನ್ನೇ ಅನ್ನತೊಡಗಿದೆ.

ಬೆಳಗಿನ ಆರಕ್ಕೆ ಬಂದು ಹೇಳಿದರು. ಮೊದಲಿನವರಿಗೆ ಹೊಂದಿದೆ. ಆ ಕಡೆ ಅವರ ಮನೆಯವರು ಒಬ್ಬರನ್ನೊಬ್ಬರು ಅಪ್ಪಿಕೊಂಡು ಅಳುತ್ತಿದ್ದರು. ಹೊಟ್ಟೆಕಿಚ್ಚು ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಆಯಿತು. ಹೋಗಿ ಅವರ ಹೆಂಡತಿಗೆ "ಛಲೋ ಆಗಲಿ ತಂಗಿ" ಅಂದು ಬಂದೆ. ಬಾಯಿಗೆ ಬಂದ ಮಾತಷ್ಟು ಮನಸ್ಸಿಗೆ ಬರಲು ತಿಂಗಳು ಹಿಡಿಯಿತು. ವಾಪಸ್ ಬರುವಾಗ ಅಣ್ಣಿಗೇರಿಯಲ್ಲಿ ಕಾರು ನಿಲ್ಲಿಸಿ ಅರ್ಧ ಕಪ್ ಚಹಾ ಕುಡಿದೆ. ಅಷ್ಟು ರುಚಿಯ ಚಹಾ ಅದರ ಮೊದಲೂ ಇಲ್ಲ, ಆಮೇಲೂ ಇಲ್ಲ. ಗೆಳೆಯ ಇನ್ನರ್ಧ ಕಪ್ ಹಾಕಲು ಬಂದ. ಅವ್ವ ಕಪ್ಪಿನ ಮೇಲೆ ಕೈ ಅಡ್ಡ ಇಟ್ಟಳು.

ಅದಾಗಿ ಹನ್ನೊಂದು ತಿಂಗಳು. ಫೋನ್ ಮತ್ತೆ ಬಂದಿಲ್ಲ. ರಾತ್ರಿ ಮಲಗುವಾಗ ಚಾರ್ಜಿಗೆ ಹಾಕಿ ತಲೆಯ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಸಭಾಪಾಲಕರಿಗೆ ನಿನ್ನೆ ಫೋನ್ ಮಾಡಿ, "ಸಾಕ್ಷಿ ಹೇಳ್ತೀನ್ರಿ, ಆದ್ರ ವಾಸಿ ಆಗಿಲ್ಲಲ್ರಿ" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹತ್ತು ನಿಮಿಷ ತಗೋರಿ" ಅಂದರು.

ಇದನ್ನು ಬರೆಯುತ್ತಿರುವುದು ಸೋಮವಾರ ರಾತ್ರಿ. ಈಗಷ್ಟೇ ಪ್ರಾರ್ಥನೆ ಮುಗಿಯಿತು. ಅವ್ವ ಬಂದು ಎಡಗೈ ಹಿಡಿದಳು, ಕಣ್ಣು ಮುಚ್ಚಿದಳು. ಮೊದಲು ಸಿಗಲಿಲ್ಲ, ಬೆರಳು ಸ್ವಲ್ಪ ಮೇಲೆ ಸರಿಸಿದಳು.

"ಓಡಾಕತ್ತೈತಿ" ಅಂದಳು. "ಮಲಗಿನ್ನ. ನಾಕೂವರಿಗೆ ಏಳಬೇಕು."